ಸರೋಜಮ್ಮನ ಕೈಗುಣ

ಮೊನ್ನೆ ಜಾಲಹಳ್ಳಿ ಮೆಟ್ರೊ ನಿಲ್ದಾಣದಲ್ಲಿ ಮೆಟ್ಟಿಲಿಳಿಯುತ್ತಾ ಸ್ಟೀಲಿನ ಕಂಬಿ ಹಿಡಿದೆ ನೋಡಿ, ಚಟ್ ಎಂದು ಬೆರಳಿಗೆ ಕಿಡಿ ಹೊಡೆಯಿತು. ಸಂಕ್ರಾಂತಿ ಹೊತ್ತಿನ ಒಣ ಚಳಿ, ಮೈಮೇಲೆ ನೈಲಾನ್ ಸೀರೆ, ಕಾಲಲ್ಲಿ ರಬ್ಬರ್ ಚಪ್ಪಲಿ. ಹೊಡೆಯದೆ ಇನ್ನೇನು ಮಾಡೀತು! ನಾನು 'ಅಯ್ಯೋ' ಅಂದು ಅಲ್ಲೇ ನಿಂತುಬಿಟ್ಟೆ. ಹಿಂದೆ ಬರುತ್ತಿದ್ದ ಹುಡುಗಿ ಕಿವಿಯ ವೈರು ಕಿತ್ತು, "ಏನಾಯ್ತು ಆಂಟಿ?" ಎಂದಳು. "ಏನಿಲ್ಲಮ್ಮ, ಹಳೇ ಪರಿಚಯದವರು" ಎಂದೆ. ಈ ಮುದುಕಿಗೆ ಏನೋ ಆಗಿದೆ ಅಂದುಕೊಂಡು ಅವಳು ಮತ್ತೆ ವೈರು ಸಿಕ್ಕಿಸಿಕೊಂಡು ಇಳಿದು ಹೋದಳು.

ಎಂಬತ್ತರ ದಶಕದ ಮೊದಲ ವರ್ಷಗಳ ಒಂದು ಚಳಿಗಾಲವನ್ನು ನಾನು ಇಲ್ಲೇ ಹತ್ತಿರದ ಒಂದು ಕಾರ್ಖಾನೆಯಲ್ಲಿ ಕಳೆದೆ. ದಾವಣಗೆರೆಯವಳು ನಾನು, ಹೆಸರು ವಿಮಲಾ. ಇಪ್ಪತ್ತೇಳು ತುಂಬಿದ್ದರೂ ಮದುವೆ ಆಗಿರಲಿಲ್ಲ. ಎಂಜಿನಿಯರ್ ಹುಡುಗಿಗೆ ಗಂಡು ಸಿಗುವುದು ಕಷ್ಟ ಎಂದು ಅಮ್ಮ ಹೇಳುತ್ತಿದ್ದಳು. ಸಿಕ್ಕ ಗಂಡುಗಳನ್ನು ನೋಡಿದ ಮೇಲೆ ನನಗೆ ಅದೇನು ದೊಡ್ಡ ಕಷ್ಟ ಅನ್ನಿಸಿರಲಿಲ್ಲ. ಮತ್ತೀಕೆರೆಯಲ್ಲಿ ಒಂದು ಕೋಣೆ ಹಿಡಿದಿದ್ದೆ. ಮನೆಯೊಡತಿ ಒಳ್ಳೆಯವರೇ, ಆದರೆ ನಡುವಿನ ಬಾಗಿಲಿಗೆ ಆ ಕಡೆಯಿಂದ ಚಿಲಕ. ಭಾನುವಾರ ಹೆಬ್ಬಾಳದ ಕೆರೆ ಏರಿಯ ಮೇಲೆ ನಡೆದು, ಕಡಲೆಕಾಯಿ ಮಾರುವವನ ಹತ್ತಿರ "ಬಿಸಿ ಇದೆಯಾ?" ಎಂದು ಕೇಳಿದ್ದೇ ಇಡೀ ದಿನದ ಮಾತು ಆದದ್ದುಂಟು. ಬೇಕೆಂದೇ ಎರಡನೇ ಸಲವೂ ಕೇಳುತ್ತಿದ್ದೆ.

ಈಗ ಆಟೋದವರ ಫೋನು ಕೂಡ ತಾನೆಲ್ಲಿದ್ದೇನೆಂದು ಆಕಾಶವನ್ನು ಕೇಳಿ ಹೇಳುತ್ತದೆ. ಆಗ ಅಂಥ ಯಂತ್ರ ಒಂದು ಟ್ರಂಕಿನಷ್ಟು ದಪ್ಪ, ಅದೂ ಹಡಗುಗಳಿಗೆ ಮಾತ್ರ. ಮೇಲೆ ಸುತ್ತುವ ಉಪಗ್ರಹಗಳು ಬೆರಳೆಣಿಕೆಯವು. ಒಂದು ದಾಟಿಹೋದರೆ ಇನ್ನೊಂದು ಬರುವ ತನಕ ಕಾಯಬೇಕು. ಬರುವಾಗ ಅದೊಂದು ಸಿಳ್ಳೆ ಹಾಕುತ್ತದೆ. ರೈಲು ನಮ್ಮನ್ನು ದಾಟಿಹೋಗುವಾಗ ಅದರ ಸಿಳ್ಳೆ ಹೇಗೆ ದನಿ ಇಳಿಸುತ್ತದೋ ಹಾಗೇ ಇದೂ ಇಳಿಯುತ್ತದೆ. ಆ ಇಳಿತವನ್ನು ಲೆಕ್ಕ ಹಾಕಿ ಯಂತ್ರ ತಾನು ಭೂಮಿಯ ಮೇಲೆ ಎಲ್ಲಿದ್ದೇನೆಂದು ಕಂಡುಕೊಳ್ಳುತ್ತದೆ. ನಮ್ಮ ವಿಭಾಗ ಇಂಥ ಸೆಟ್ಟುಗಳನ್ನು ಮೊದಲ ಸಲ ಇಲ್ಲೇ ತಯಾರಿಸಲು ಹೊರಟಿತ್ತು. ಗೋವಾ ಬಂದರಿನಲ್ಲಿ ಒಂದು ಹಡಗು ನಮ್ಮ ಸೆಟ್ಟಿಗಾಗಿ ಕಾದಿತ್ತು.

ನನ್ನ ಕೆಲಸ ತಾರಸಿಯ ಮೇಲೆ. ತಗಡಿನ ಗೂಡಿನೊಳಗೆ ಹೆಡ್‌ಫೋನ್ ಹಾಕಿಕೊಂಡು ಆ ಸಿಳ್ಳೆಗೆ ಕಾಯುವುದು. ಅದೆಷ್ಟು ಕ್ಷೀಣ ಅಂತೀರಿ! ಪಕ್ಕದ ರಸ್ತೆಯಲ್ಲಿ ಸ್ಕೂಟರ್ ಹೋದರೆ ಅದರ ಪ್ಲಗ್ಗಿನ ಕಿಡಿಯೇ ಕಿವಿಯಲ್ಲಿ ಪಟಪಟ ಅನ್ನುತ್ತಿತ್ತು. ಗೋಡೆಯಾಚೆ ಒಂದು ವೆಲ್ಡಿಂಗ್ ಅಂಗಡಿ. ಅವನು ಕೆಲಸ ಶುರು ಮಾಡಿದರೆ ಮುಗಿಯಿತು, ಉಪಗ್ರಹ ಬಂದದ್ದೂ ಗೊತ್ತಿಲ್ಲ, ಹೋದದ್ದೂ ಗೊತ್ತಿಲ್ಲ. ಸ್ವಲ್ಪ ಹೊತ್ತು ನಿಲ್ಲಿಸಪ್ಪ ಎಂದು ಕೇಳಿದ್ದಕ್ಕೆ, "ಮೇಲ್ಗಡೆ ಹೋಗೋ ಗಾಡಿಗೆಲ್ಲಾ ನಾನು ಸೈಡ್ ಬಿಡಕ್ಕಾಗತ್ತಾ ಮೇಡಂ?" ಎಂದಿದ್ದ. ಕೊನೆಗೆ ಸೆಟ್ಟಿಗೆ ತಾಮ್ರದ ಜಾಲರಿಯ ಹೊದಿಕೆ ಹಾಕಿ, ವೈರುಗಳನ್ನೆಲ್ಲ ಜಾಲರಿಯಲ್ಲಿ ಸುತ್ತಿ, ಆ ಗಲಾಟೆಯನ್ನು ಹೊರಗಿಟ್ಟೆವು. ದೂರದ ಒಂದು ಪಿಸುಮಾತು ಕೇಳಬೇಕಾದರೆ ಹತ್ತಿರದ್ದನ್ನೆಲ್ಲ ಮುಚ್ಚಬೇಕು ಎಂದು ನಾನು ಆ ಗೂಡಿನಲ್ಲಿ ಕೂತು ಕಲಿತೆ. ಕೆಲಸಕ್ಕೆ ಅದು ಸರಿ, ಬದುಕಿಗೂ ಅದನ್ನೇ ಮಾಡಿಕೊಂಡಿದ್ದೇನಾ ಎಂದು ಆಗಾಗ ಅನ್ನಿಸುತ್ತಿತ್ತು.

ಊಟದ ಹೊತ್ತಿಗೆ ಮಾತ್ರ ಕೆಳಗಿಳಿಯುತ್ತಿದ್ದೆ. ಯಾಕೆಂದರೆ ಅಲ್ಲಿ ಸರೋಜಮ್ಮ ಇದ್ದರು.

ಸರೋಜಮ್ಮ ಜಕ್ಕೂರಿನ ಒಕ್ಕಲು ಮನೆಯ ಸೊಸೆ. ಎಸೆಸೆಲ್ಸಿ ಓದಿದ್ದಕ್ಕೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು, ಆದರೆ ಇನ್ನೂ ಕಾಯಂ ಆಗಿರಲಿಲ್ಲ. ಶಿವರಾತ್ರಿ ಹೊತ್ತಿಗೆ ಆಗಬೇಕಿತ್ತು. ಸೆಟ್ಟಿನಲ್ಲಿ ಆಕಾಶದ ಸಿಳ್ಳೆಯನ್ನು ಮೊದಲು ಕೇಳಿಸಿಕೊಳ್ಳುವುದು ಒಂದು ಪುಟ್ಟ ಟ್ರಾನ್ಸಿಸ್ಟರು. ಅದನ್ನು ಬೆಸುಗೆ ಹಾಕಿ ಕೂರಿಸುವ ಕೆಲಸ ಸರೋಜಮ್ಮನದು. ಮಧ್ಯಾಹ್ನ ನಾನು ಕೂತ ಕಡೆ ಬಂದು, ಮುದ್ದೆ ಮುರಿದು ನನ್ನ ತಟ್ಟೆಗೆ ಹಾಕಿ, ಬುಟ್ಟಿಯಿಂದ ಕನಕಾಂಬರದ ತುಂಡು ತೆಗೆದು ಮುಡಿಸುತ್ತಿದ್ದರು.

"ಊವ ಇಲ್ದೆ ಬೋಳುತಲೇಲಿ ಕೂರ್ಬ್ಯಾಡಿ ಮೇಡಮ್ಮ. ಆಕಾಸದೋನಿಗೂ ನೋಡಕ್ಕೆ ಚೆಂದಾಗಿರ್ಬೇಕಲ್ಲ!"

ಮುಡಿಸುವಾಗ ಅವರ ಬೆರಳಿಂದ ನನ್ನ ಕಿವಿಗೆ ಚಟ್ ಎಂದು ಕಿಡಿ ಹಾರುತ್ತಿತ್ತು. ಇಬ್ಬರೂ ಬೆಚ್ಚಿ ನಗುತ್ತಿದ್ದೆವು. ಆ ಊರಿನಲ್ಲಿ ನನ್ನನ್ನು ಮುಟ್ಟುತ್ತಿದ್ದ ಜೀವ ಅದೊಂದೇ. ಕಿಡಿ ಹೊಡೆದರೂ ಪರವಾಗಿಲ್ಲ, ನಾಳೆಯೂ ಮುಡಿಸಲಿ ಅನ್ನಿಸುತ್ತಿತ್ತು.

ಅವರ ಊರಿನಲ್ಲಿ ಸರೋಜಮ್ಮನ ಕೈಗುಣಕ್ಕೆ ದೊಡ್ಡ ಹೆಸರು. ಬದನೆ ಸಸಿ ನೆಡುವಾಗ ಮೊದಲ ಸಸಿ ಅವರ ಕೈಯಲ್ಲೇ ನೆಡಿಸುತ್ತಿದ್ದರು. ಹೊಸ ಮನೆಯಲ್ಲಿ ಹಾಲು ಉಕ್ಕಿಸಲು ಅವರನ್ನೇ ಕರೆಯುತ್ತಿದ್ದರು. "ಕಾವಿಗೆ ನಾನು ಮೊಟ್ಟೆ ಇಕ್ಕಿದ್ರೆ ಒಂದೂ ಕೆಡಾಕಿಲ್ಲ ಮೇಡಮ್ಮ, ಅಷ್ಟೂ ಮರಿ" ಎಂದು ಬೀಗುತ್ತಿದ್ದರು. ನಾನು ನಗುತ್ತಿದ್ದೆ. ಮೊಟ್ಟೆಗೆ ಕೈ ಗೊತ್ತಾಗುತ್ತದಾ ಎಂದು ಚುಡಾಯಿಸುತ್ತಿದ್ದೆ. "ಗೊತ್ತಾಗ್ದೆ ಏನು? ನಿಮ್ ಮಿಸಿನ್ನಿಗೆ ಆಕಾಸ ಗೊತ್ತಾದ್ರೆ ಮೊಟ್ಟೆಗೆ ಕೈ ಗೊತ್ತಾಗಾಕಿಲ್ವಾ?" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಕಾರ್ತಿಕ ಕಳೆದು ಚಳಿ ಏರಿತು ನೋಡಿ, ಸೆಟ್ಟುಗಳು ಕಿವುಡಾಗತೊಡಗಿದವು. ಕೆಳಗೆ ಮೇಜಿನ ಮೇಲೆ ಪರೀಕ್ಷೆ ಮಾಡಿದರೆ ಚೆನ್ನಾಗಿವೆ, ತಾರಸಿಗೆ ತಂದರೆ ಉಪಗ್ರಹ ನೆತ್ತಿಯ ಮೇಲೆ ಹೋದರೂ ಮಾತಿಲ್ಲ. ಮೇಜಿನ ಪರೀಕ್ಷೆಯಲ್ಲಿ ನಾವು ಕೊಡುತ್ತಿದ್ದ ಸಂಕೇತ ಜೋರು, ಗಟ್ಟಿಯಾಗಿ ಕೂಗಿದ ಹಾಗೆ, ಅದು ಕೇಳುತ್ತಿತ್ತು. ಪಿಸುಮಾತು ಕೇಳುವ ಶಕ್ತಿ ಸತ್ತುಹೋಗಿತ್ತು. ಬಿಚ್ಚಿ ನೋಡಿದರೆ ಪ್ರತಿ ಸಲವೂ ಅದೇ ಪುಟ್ಟ ಟ್ರಾನ್ಸಿಸ್ಟರು ಕೆಟ್ಟಿರುತ್ತಿತ್ತು. ಮೊದಲು ವೆಲ್ಡಿಂಗ್‌ನವನನ್ನು ಬೈದೆವು. ಆದರೆ ಅವನ ಕಿಡಿ ಕಿವಿಗೆ ಗಲಾಟೆ ಮಾಡುತ್ತಿತ್ತೇ ಹೊರತು ಕಿವಿಯನ್ನು ಕೊಲ್ಲುತ್ತಿರಲಿಲ್ಲ. ಸಿಡಿಲು ಎನ್ನೋಣವೆಂದರೆ ಮಾರ್ಗಶಿರದಲ್ಲಿ ಎಲ್ಲಿಯ ಸಿಡಿಲು? ಟ್ರಾನ್ಸಿಸ್ಟರುಗಳೇ ಕಳಪೆ ಎನ್ನೋಣವೆಂದರೆ, ಅದೇ ಡಬ್ಬಿಯವು ಬೇರೆ ಹೆಂಗಸರು ಹಾಕಿದ ಸೆಟ್ಟುಗಳಲ್ಲಿ ಸೊಗಸಾಗಿ ಕೆಲಸ ಮಾಡುತ್ತಿದ್ದವು.

ಸತ್ತವೆಲ್ಲ ಸರೋಜಮ್ಮ ಹಾಕಿದವು.

ಬೆಸುಗೆಯಲ್ಲಿ ಏನಾದರೂ ತಪ್ಪಿದೆಯಾ ಎಂದು ನಾನು ಭೂತಗನ್ನಡಿ ಹಿಡಿದು ನೋಡಿದೆ. ಒಂದಕ್ಕಿಂತ ಒಂದು ಚೆಂದ. ಅಷ್ಟು ನಯವಾದ ಬೆಸುಗೆ ನನ್ನ ಕೈಯಲ್ಲೂ ಬರುತ್ತಿರಲಿಲ್ಲ. ಪಕ್ಕದ ಸ್ಟೂಲಿನ ಕೋಮಲಾ ಒಂದು ದಿನ ಅಂದೇಬಿಟ್ಟಳು: "ಅವ್ರ ಕೈಗುಣ ಸರಿಯಿಲ್ಲ ಕಣ್ರೀ. ಇನ್ನೇನ್ ಹೇಳೋದು?" ಆಡುವವರಿಗೆ ಒಂದು ಮಾತು ಸಿಕ್ಕಿದರೆ ಸಾಕಲ್ಲ. ವಾರದೊಳಗೆ ಯಾರೂ ಸರೋಜಮ್ಮನ ಕೈಯಿಂದ ಹೂವು ಇಸಿದುಕೊಳ್ಳದಂತಾಯಿತು. ವಿಭಾಗದ ಮುಖ್ಯಸ್ಥರು ಅನಂತರಾಮಯ್ಯ. ಧೂಳಾಗುತ್ತದೆಂದು ನಶ್ಯ ಏರಿಸಲು ಕೂಡ ಹೊರಗೆ ಹೋಗುತ್ತಿದ್ದ ಶಿಸ್ತಿನ ಮನುಷ್ಯ, ಕೆಟ್ಟವರಲ್ಲ. ಅವರು ನನ್ನನ್ನು ಕರೆದರು.

"ನೋಡಮ್ಮ, ಕೈಗುಣ ಗಿಯ್ಗುಣ ನಾನು ನಂಬಲ್ಲ. ಆದ್ರೆ ಕಾರಣ ಸಿಗ್ಲಿಲ್ಲ ಅಂದ್ರೆ ಆಕೇನ ಕಾಯಂ ಮಾಡಿ ಅಂತ ನಾನು ಬರಿಯೋದ್ ಹೇಗೆ? ಶಿವರಾತ್ರಿ ತನಕ ನೋಡೋಣ."

ಇದು ಸರೋಜಮ್ಮನ ಕಿವಿಗೂ ಬಿತ್ತು. ಆದರೆ ಕೆಲಸ ಹೋಗುವ ಚಿಂತೆಗಿಂತ ಬೇರೊಂದು ಅವರನ್ನು ತಿನ್ನುತ್ತಿತ್ತು. ಒಂದು ಮಧ್ಯಾಹ್ನ ಮುದ್ದೆ ಮುರಿಯದೆ ಕೂತಿದ್ದರು. "ನಮ್ಮತ್ತೆ ಕಾವಿಗೆ ಮೊಟ್ಟೆ ಇಕ್ಕು ಅಂದ್ರು. ನಾನಿಕ್ಕಾಕಿಲ್ಲ ಅಂದ್ಬಿಟ್ಟೆ ಮೇಡಮ್ಮ. ಅವೂ ಇಂಗೇ ಸತ್ರೆ?" ಎಂದರು.

ಸಂಕ್ರಾಂತಿಯ ಮಾರನೆಯ ದಿನ ಹೆಂಗಸರೆಲ್ಲ ಎಳ್ಳುಬೆಲ್ಲ ತಂದಿದ್ದರು. 'ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು' ಅನ್ನುತ್ತಾ ಒಬ್ಬರಿಗೊಬ್ಬರು ಕೊಡುತ್ತಿದ್ದರು. ಸರೋಜಮ್ಮನೂ ಹಸಿರು ನೈಲಾನ್ ಸೀರೆ ಉಟ್ಟು, ಸ್ಟೀಲಿನ ಡಬ್ಬಿ ಹಿಡಿದು ಸ್ಟೂಲಿಂದ ಎದ್ದರು. ಒಬ್ಬಳ ಕೈ ಎಣ್ಣೆಯಾಗಿತ್ತು. ಇನ್ನೊಬ್ಬಳಿಗೆ ಹಲ್ಲುನೋವು. ಕೋಮಲಾ "ಅಲ್ಲಿಟ್ಟಿರಿ, ಆಮೇಲ್ ತಗೋತೀನಿ" ಎಂದಳು. ಸರೋಜಮ್ಮ ತುಂಬಿದ ಡಬ್ಬಿಯೊಂದಿಗೆ ಕೋಣೆಯ ನಡುವೆ ನಿಂತರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ದಡದಡ ಹೋಗಿ, "ನನಗ್ ಕೊಡ್ರೀ ಸರೋಜಮ್ಮ, ಅಷ್ಟೂ ನನಗೇ ಕೊಡಿ!" ಎಂದು ಡಬ್ಬಿಗೆ ಕೈಯಿಟ್ಟೆ.

ಚಟ್!

ಆ ಕಿಡಿ ಕಣ್ಣಿಗೆ ಕಾಣುವಷ್ಟು ದೊಡ್ಡದಿತ್ತು. ಕೈ ಹಿಂದಕ್ಕೆಳೆದುಕೊಂಡೆ. ಅವತ್ತು ನಗು ಬರಲಿಲ್ಲ. ಕೋಣೆಯಲ್ಲಿ ಅಷ್ಟು ಜನ ಎಳ್ಳು ಕೊಟ್ಟರು, ತಗೊಂಡರು, ಎಲ್ಲರದೂ ನೈಲಾನ್ ಸೀರೆಯೇ, ಆದರೆ ಕಿಡಿ ಇವರೊಬ್ಬರದೇ. ನಾನು ಕೆಳಗೆ ನೋಡಿದೆ. ಧೂಳು ಬರಬಾರದೆಂದು ನಾವೆಲ್ಲ ಚಪ್ಪಲಿ ಬಾಗಿಲಾಚೆ ಬಿಟ್ಟು ಬರಿಗಾಲಲ್ಲಿ ಸಿಮೆಂಟ್ ನೆಲದ ಮೇಲೆ ಕೆಲಸ ಮಾಡುವುದು ಪದ್ಧತಿ. ಎಲ್ಲರ ಕಾಲೂ ಬರಿಗಾಲು. ಸರೋಜಮ್ಮನ ಕಾಲಲ್ಲಿ ಮಾತ್ರ ನೀಲಿ ಪಟ್ಟಿಯ ರಬ್ಬರ್ ಚಪ್ಪಲಿ.

ಚಳಿ ಶುರುವಾದಾಗ ಅವರ ಹಿಮ್ಮಡಿ ಒಡೆದು ರಕ್ತ ಬರುತ್ತಿತ್ತು. ನೆಲದ ಮೇಲೆ ಕಲೆ ಕಂಡ ಅನಂತರಾಮಯ್ಯನವರು ಮರುಕಪಟ್ಟು, ಹೊಸ ಚಪ್ಪಲಿ ತರಿಸಿಕೊಟ್ಟು, "ಇದನ್ನ ಒಳಗಡೆ ಮಾತ್ರ ಹಾಕ್ಕೊಳ್ಳಿ, ಧೂಳಾಗಲ್ಲ" ಎಂದಿದ್ದರು. ನೈಲಾನ್ ಸೀರೆ ಉಜ್ಜಿ ಮೈಯಲ್ಲಿ ಹುಟ್ಟುವ ವಿದ್ಯುತ್ತು ನಮ್ಮೆಲ್ಲರ ಬರಿಗಾಲಿನಿಂದ ನೆಲಕ್ಕೆ ಇಳಿದುಹೋಗುತ್ತಿತ್ತು. ಸರೋಜಮ್ಮನ ಮೈಯಿಂದ ಇಳಿಯಲು ದಾರಿಯೇ ಇರಲಿಲ್ಲ. ಅದು ಬೆರಳ ತುದಿಯಲ್ಲಿ ಕಾದು ಕೂತು, ಮೊದಲು ಸಿಕ್ಕ ಟ್ರಾನ್ಸಿಸ್ಟರಿಗೆ ಹಾರುತ್ತಿತ್ತು. ನಮಗೆ ಬೆಚ್ಚಿ ನಗುವಷ್ಟರ ಕಿಡಿ, ಆ ಪುಟ್ಟ ಪ್ರಾಣಿಗೆ ಸಿಡಿಲು. ನಮಗೆ ಕಾಣದಷ್ಟು ಚಿಕ್ಕ ಕಿಡಿಯೂ ಅದಕ್ಕೆ ಸಾಕಿತ್ತು.

ಮಾರನೆಯ ದಿನ ನಾನು ನೈಲಾನ್ ಸೀರೆ ಉಟ್ಟು, ಅವರ ಚಪ್ಪಲಿ ಮೆಟ್ಟಿ, ಅವರ ಸ್ಟೂಲಿನಲ್ಲಿ ಎದ್ದು ಕೂತು ಮಾಡಿ ಒಂದು ಟ್ರಾನ್ಸಿಸ್ಟರು ಕೂರಿಸಿದೆ. ಕಿವುಡು. ಚಪ್ಪಲಿ ಬಿಟ್ಟು ಇನ್ನೊಂದು ಕೂರಿಸಿದೆ. ಸಿಳ್ಳೆ ಕೇಳಿತು. ಅನಂತರಾಮಯ್ಯನವರು ನಂಬದೆ ತಾವೇ ಚಪ್ಪಲಿ ಮೆಟ್ಟಿ ನೋಡಿದರು. ಅವರದು ನೈಲಾನಿನಂಥದೇ ಟೆರಿಲಿನ್ ಪ್ಯಾಂಟು, ಅವರು ಕೂರಿಸಿದ್ದೂ ಸತ್ತಿತು. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, "ಚಪ್ಪಲಿ ಕೊಟ್ಟಿದ್ದು ನಾನೇ ಅಲ್ವೇನಮ್ಮ?" ಎಂದರು. ಆಮೇಲೆ ಎದ್ದು ಹೋಗಿ ಎಲ್ಲರೆದುರಿಗೆ, "ತಪ್ಪು ನಿಮ್ಮದಲ್ಲ ತಾಯಿ, ನಂದು" ಎಂದು ಸರೋಜಮ್ಮನಿಗೆ ಕೈಮುಗಿದರು.

ವಾರದೊಳಗೆ ಎಲ್ಲ ಬದಲಾಯಿತು. ಮೇಜುಗಳಿಗೆ ತಗಡು ಹೊದಿಸಿ, ವಿದ್ಯುತ್ತು ಭೂಮಿಗೆ ಇಳಿಯಲೆಂದು ಹಿತ್ತಲಲ್ಲಿ ತೋಡಿದ್ದ ಅರ್ಥ್ ಗುಂಡಿಗೆ ತಂತಿಯಲ್ಲಿ ಜೋಡಿಸಿದೆವು. ಗುಂಡಿಗೆ ತುಂಬಿದ ಇದ್ದಲು, ಉಪ್ಪು ಒಣಗಬಾರದೆಂದು ದಿನಾ ಬೆಳಿಗ್ಗೆ ನಾನೇ ನೀರು ಹೊಯ್ಯುತ್ತಿದ್ದೆ. ಎಲ್ಲರಿಗೂ ಹತ್ತಿಯ ನಿಲುವಂಗಿ, ಮಣಿಕಟ್ಟಿಗೆ ತಂತಿಯ ಪಟ್ಟಿ. ಬೆಸುಗೆ ಮುಗಿಯುವ ತನಕ ಟ್ರಾನ್ಸಿಸ್ಟರಿನ ಕಾಲುಗಳಿಗೆ ಕೂದಲೆಳೆಯ ತಾಮ್ರದ ತಂತಿ ಸುತ್ತಿಡುವುದು. ಆ ಸೂಕ್ಷ್ಮ ಕೆಲಸಕ್ಕೆ ಸರೋಜಮ್ಮನನ್ನು ಬಿಟ್ಟರಿಲ್ಲ. ಆಮೇಲೆ ಒಂದು ಸೆಟ್ಟೂ ಸಾಯಲಿಲ್ಲ. ಶಿವರಾತ್ರಿಗೆ ಮೊದಲೇ ಕಾಯಂ ಆದೇಶವೂ ಬಂತು.

ನಾನು ಗೆದ್ದೆ ಅಂದುಕೊಂಡು ಕುಣಿಯುತ್ತಾ ಊಟಕ್ಕೆ ಹೋದೆ. ಸರೋಜಮ್ಮ ಮುದ್ದೆಯ ಡಬ್ಬಿಯನ್ನು ನನ್ನ ಕಡೆ ತಳ್ಳಿದರು. "ನೀವೇ ಮುರ್ಕೊಳ್ಳಿ ಮೇಡಮ್ಮ." ಕನಕಾಂಬರ ಎಲೆಯ ಮೇಲಿತ್ತು. ಮುಡಿಸಲಿಲ್ಲ.

"ಯಾಕ್ ಸರೋಜಮ್ಮ? ಎಲ್ಲಾ ಸರಿಹೋಯ್ತಲ್ಲ!"

"ಸರಿಯೋಯ್ತು. ಆದ್ರೂ ಅವು ಸತ್ತಿದ್ದು ನನ್ ಕೈಯಿಂದ್ಲೇ ತಾನೆ?"

"ತಪ್ಪು ಕೈಯದಲ್ಲ, ಚಪ್ಪಲಿದು. ಯಾರ ಕೈ ಆಗಿದ್ರೂ ಹಂಗೇ ಆಗ್ತಿತ್ತು."

"ಬ್ಯಾರೆ ಯಾರ ಕೈಯಿಂದ್ಲೂ ಆಗ್ಲಿಲ್ವಲ್ಲ ಮೇಡಮ್ಮ" ಎಂದರು ಮೆಲ್ಲಗೆ.

ಕಳ್ಳತನ ಹೊರಿಸಿದ್ದರೆ ಕಳ್ಳ ಸಿಕ್ಕ ದಿನ ಅವರ ಕಳಂಕ ತೊಳೆದುಹೋಗುತ್ತಿತ್ತು. ಇಲ್ಲಿ ನಾನು ಕಂಡುಹಿಡಿದದ್ದೇ ಅವರ ಬೆರಳ ತುದಿಯ ಕಿಡಿ. ಕೋಮಲಾ ಬಾಯಿಬಿಟ್ಟು ಆಡಿದ ಮಾತಿಗೆ ನಾನು ಪುರಾವೆ ಒದಗಿಸಿದ ಹಾಗಾಯಿತು. ವಿಜ್ಞಾನವನ್ನು ಎಷ್ಟು ಬಿಡಿಸಿ ಹೇಳಿದರೂ ಅವರು ತಲೆಯಾಡಿಸುತ್ತಿದ್ದರು, ಕೈಗಳನ್ನು ಮಾತ್ರ ಸೆರಗಿನೊಳಗೆ ಇಟ್ಟುಕೊಳ್ಳುತ್ತಿದ್ದರು. ಆ ದಿನಗಳಲ್ಲಿ ತಾರಸಿಯ ಮೇಲೆ ಸಿಳ್ಳೆ ಸ್ಪಷ್ಟವಾಗಿ ಕೇಳುತ್ತಿತ್ತು. ನನಗೆ ಬೇಕಾದದ್ದು ಅದಾಗಿರಲಿಲ್ಲ.

ಯುಗಾದಿಗೆ ಮೊದಲು ಮೊದಲನೆಯ ಸೆಟ್ಟು ಗೋವಾಕ್ಕೆ ಹೊರಟಿತು. ಜೊತೆಗೆ ಹೋಗಿ ಹಡಗಿಗೆ ಜೋಡಿಸಬೇಕಾದವಳು ನಾನು. ಹೊರಗೆ ಹೋಗುವ ಮಾಲಿಗೆ ಕುಂಕುಮ ಇಟ್ಟು ಕಳಿಸುವುದು ನಮ್ಮಲ್ಲಿ ರೂಢಿ. ನಾನು ಭರಣಿಯನ್ನು ಸರೋಜಮ್ಮನ ಕಡೆ ಚಾಚಿದೆ. ಅವರು ಎರಡು ಹೆಜ್ಜೆ ಹಿಂದೆ ಸರಿದು, "ಬ್ಯಾಡಿ ಮೇಡಮ್ಮ, ಇದಾದ್ರೂ ನೆಟ್ಟಗಿರ್ಲಿ" ಎಂದರು. ಕೋಮಲಾಳಿಗೆ ಕೊಟ್ಟರೆ ಅವಳು, "ಸರೋಜಮ್ಮನೇ ಇಡ್ಲಿ. ನಾನಿಡಲ್ಲ" ಎಂದು ತಲೆ ತಗ್ಗಿಸಿದಳು. ಅವಳಿಗೂ ಒಳಗೆ ಚುಚ್ಚುತ್ತಿತ್ತೆಂದು ಕಾಣುತ್ತದೆ. ಕೊನೆಗೆ ಪೆಟ್ಟಿಗೆ ಕುಂಕುಮವಿಲ್ಲದೆ ಹೊರಟಿತು.

ಸಂಜೆ ಯಶವಂತಪುರ ಸ್ಟೇಷನ್ನಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ಪೆಟ್ಟಿಗೆಯನ್ನು ಸೀಟಿನ ಮೇಲೆ ಮಗ್ಗುಲಲ್ಲೇ ಇಟ್ಟುಕೊಂಡಿದ್ದೆ. ಕಳಿಸಲು ಯಾರೂ ಬಂದಿರಲಿಲ್ಲ, ಬರುವವರೂ ಇರಲಿಲ್ಲ. ಅಷ್ಟರಲ್ಲಿ ಪ್ಲಾಟ್‌ಫಾರಂ ತುದಿಯಿಂದ ಸರೋಜಮ್ಮ ಏದುಸಿರು ಬಿಡುತ್ತಾ ಬಂದರು. ಕೈಯಲ್ಲಿ ಹೂವಿನ ಪೊಟ್ಟಣ, ಕುಂಕುಮದ ಭರಣಿ. ನಾನು ಕಿಟಕಿಯಿಂದ ಕೈ ಚಾಚಿದೆ.

"ತಡೀರಿ, ಮುಟ್ಬ್ಯಾಡಿ!" ಎಂದು ಕೂಗಿದರು.

ಮೊದಲು ಎಡಗೈಯಲ್ಲಿ ಕಿಟಕಿಯ ಕಬ್ಬಿಣದ ಸರಳನ್ನು ಗಟ್ಟಿಯಾಗಿ ಹಿಡಿದರು. ಹಿಡಿದುಕೊಂಡೇ ಕಣ್ಣುಮುಚ್ಚಿ ನಿಂತರು. "ಎಲ್ಲಾ ಭೂಮ್ತಾಯಿಗೆ ಓಗ್ಲಿ" ಅಂದರು. ನಾನು ವಿಭಾಗದಲ್ಲಿ ಎಲ್ಲರಿಗೂ ಹೇಳಿಕೊಟ್ಟದ್ದೇ ಅದು: ಏನನ್ನೂ ಮುಟ್ಟುವ ಮೊದಲು ಭೂಮಿಗೆ ಸೇರಿದ ಲೋಹ ಮುಟ್ಟಿ. ಆಮೇಲೆ ಸರಳು ಬಿಡದೆಯೇ ಬಲಗೈ ಒಳಗೆ ತೂರಿಸಿದರು.

"ಮೊದ್ಲು ನಿಮ್ಗೆ. ನಿಮ್ಗೇನೂ ಆಗ್ಲಿಲ್ಲ ಅಂದ್ರೆ ಪೆಟ್ಗೆಗೆ."

ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಹಣೆಗೆ ಕುಂಕುಮವಿಟ್ಟರು. ತಲೆ ಬಗ್ಗಿಸಿದೆ, ಹೂವು ಮುಡಿಸಿದರು. ಬೆರಳು ಕಿವಿಗೆ ತಾಗಿತು. ಕಿಡಿ ಬರಲಿಲ್ಲ. ಅವರು ಮತ್ತೊಮ್ಮೆ ಬೇಕೆಂದೇ ಕಿವಿ ಮುಟ್ಟಿ ನೋಡಿದರು. ಏನೂ ಆಗಲಿಲ್ಲ. ಆಗ ಪೆಟ್ಟಿಗೆಯ ಮೇಲೆ ಕುಂಕುಮದ ಬೊಟ್ಟಿಟ್ಟು, ಅದರ ಮೇಲೆ ಅಂಗೈ ಊರಿ, "ಉಸಾರು" ಎಂದರು. ಆ ಮಾತು ನನಗೋ ಪೆಟ್ಟಿಗೆಗೋ ತಿಳಿಯಲಿಲ್ಲ. ರೈಲು ಹೊರಟಿತು.

ಬಂದರಿನಲ್ಲಿ ಆಂಟೆನಾ ಏರಿಸಿ ಸೆಟ್ಟು ಹಚ್ಚಿದೆ. ಮೊದಲ ಉಪಗ್ರಹಕ್ಕೇ ಸಿಳ್ಳೆ ಸ್ವಚ್ಛವಾಗಿ ಬಂತು. ಹಡಗು ಎಲ್ಲಿದೆಯೆಂದು ಯಂತ್ರ ಸರಿಯಾಗಿ ಹೇಳಿತು. ಟ್ರಂಕ್‌ಕಾಲ್ ಹಚ್ಚಿ ಅನಂತರಾಮಯ್ಯನವರಿಗೆ, "ಸರ್, ಮೊದ್ಲು ಸರೋಜಮ್ಮಂಗೆ ಹೇಳಿ!" ಎಂದು ಕಿರುಚಿದೆ. "ಇರಮ್ಮ, ಅವರನ್ನೇ ಕರೀತೀನಿ" ಎಂದರು. ಕುರ್ಚಿ ಸರಿದ ಸದ್ದು ಕೇಳಿತು, ಯಾರೋ ಓಡಿ ಬರುವ ಬಳೆಯ ಸದ್ದೂ ಕೇಳಿತು. ಅಷ್ಟರಲ್ಲಿ ಲೈನು ಕಟ್ಟಾಯಿತು.

ಗೋವಾದ ಮೇಲೆ ಇನ್ನೊಂದು ಬಂದರು, ಅದಾದ ಮೇಲೆ ಮತ್ತೊಂದು. ಮೂರು ತಿಂಗಳಿಗೆಂದು ಹೋದವಳು ವರ್ಷಗಟ್ಟಲೆ ಸಮುದ್ರದ ದಂಡೆಯಲ್ಲೇ ಉಳಿದೆ. ಬೆಂಗಳೂರಿಗೆ ಬರುವಷ್ಟರಲ್ಲಿ ವಿಭಾಗ ಮುಚ್ಚಿತ್ತು, ಸರೋಜಮ್ಮ ಕೆಲಸ ಬಿಟ್ಟಿದ್ದರು. ಜಕ್ಕೂರಿಗೆ ಹೋಗಿ ಕೆರೆಯ ಹತ್ತಿರ ಹುಡುಕಿದೆ. ಅವರ ಮನೆಯಿದ್ದ ಕಡೆ ಹೊಸ ಕಟ್ಟಡ ಏಳುತ್ತಿತ್ತು. ಎಲ್ಲಿ ಹೋದರೆಂದು ಯಾರಿಗೂ ಗೊತ್ತಿರಲಿಲ್ಲ. ಎಲ್ಲೆಲ್ಲಿಯ ಹಡಗನ್ನೋ ಪತ್ತೆ ಮಾಡಿದವಳಿಗೆ ಸರೋಜಮ್ಮ ಸಿಗಲಿಲ್ಲ.

ನಿವೃತ್ತರಾಗಿದ್ದ ಅನಂತರಾಮಯ್ಯನವರು ಮಾತ್ರ ಸಿಕ್ಕಿದ್ದರು. ಆ ಫೋನು ಬಂದ ದಿನ ಏನಾಯಿತೆಂದು ಅವರೇ ಹೇಳಿದರು. ಸುದ್ದಿ ಕೇಳಿದ ಸರೋಜಮ್ಮ ಸೀದಾ ಹೊರಗೆ ಹೋದರಂತೆ. ಗೇಟಿನ ಹತ್ತಿರ ಮಾರುವವಳ ಬುಟ್ಟಿಯ ಕನಕಾಂಬರವನ್ನೆಲ್ಲ ತಂದು, ಮೇಜಿನ ತಗಡಿಗೆ ಒಂದು ಕೈಯಿಟ್ಟುಕೊಂಡು, ಒಬ್ಬೊಬ್ಬರನ್ನೇ ಕರೆದು ಮುಡಿಸಿದರಂತೆ. ಮೊದಲು ಬಂದು ತಲೆಯೊಡ್ಡಿದವಳು ಕೋಮಲಾ. ಸಾಯಂಕಾಲ ಮನೆಗೆ ಹೋಗಿ ಕಾವಿಗೆ ಮೊಟ್ಟೆಯನ್ನೂ ಇಟ್ಟರಂತೆ. "ಅಷ್ಟೂ ಮರಿ ಆಯ್ತು ಅಂತ ಆಮೇಲೆ ಬಂದು ಹೇಳಿದ್ರು ಕಣಮ್ಮ, ನಮ್ ಮೇಡಮ್ಮಂಗೆ ತಿಳಿಸಿ ಅಂದ್ರು" ಎಂದು ಅವರು ಕಣ್ಣೊರೆಸಿಕೊಂಡರು. ಕೇಳಿ ನನಗೆ ತುಂಬಾ ಸಂತೋಷವಾಯಿತು, ಹೊಟ್ಟೆಕಿಚ್ಚೂ ಆಯಿತು. ಆ ದಿನ ಅಲ್ಲಿದ್ದ ಎಲ್ಲರ ತಲೆಯಲ್ಲೂ ಸರೋಜಮ್ಮನ ಕೈಯ ಹೂವು. ನಾನು ಉಪ್ಪುಗಾಳಿಯಲ್ಲಿ ಸತ್ತ ಫೋನು ಹಿಡಿದು ನಿಂತಿದ್ದೆ.

ಮೆಟ್ರೊ ಮೆಟ್ಟಿಲ ಮೇಲೆ ನಾನು ಆ ಕಂಬಿಯನ್ನು ಬಿಡದೆ ಹಿಡಿದೇ ನಿಂತಿದ್ದೆ. ಕಿಡಿ ಹೋಗಿ ಆಗಿತ್ತು, ಮೈಯಲ್ಲಿ ಇದ್ದದ್ದೆಲ್ಲ ಭೂಮಿಗೆ ಇಳಿದಿತ್ತು. ಇನ್ನು ನಾನು ಯಾರನ್ನು ಮುಟ್ಟಿದರೂ ಅವರಿಗೆ ಏನೂ ಆಗುವುದಿಲ್ಲ. ಜನ ನನ್ನನ್ನು ಸುತ್ತುಹಾಕಿ ಇಳಿದು ಹೋಗುತ್ತಿದ್ದರು. ಇನ್ನೊಂದು ಕೈ ಹಾಗೇ ಖಾಲಿಯಿತ್ತು. ಸ್ವಲ್ಪ ಹೊತ್ತು ನಿಂತು, ಅದರಿಂದ ನನ್ನ ಕಿವಿಯನ್ನು ನಾನೇ ಒಮ್ಮೆ ಮುಟ್ಟಿಕೊಂಡು ಕೆಳಗಿಳಿದೆ.